ರಸ್ತೆಯ ಮೇಲಿನ ಕಣ, ಒಲೆ ಹೊತ್ತ ಬಸ್ಸು

ಯುದ್ಧದ ಆ ವರ್ಷಗಳಲ್ಲಿ ಬೆಳಗಿನ ಹೊತ್ತು ನೆಮ್ಮದಿಯಾಗಿ ಕುಳಿತು ನಾನು ಏನನ್ನಾದರೂ ಓದಿದ ನೆನಪಿಲ್ಲ. ಕೈಯಲ್ಲಿ ಪತ್ರಿಕೆ ಇರುತ್ತಿತ್ತು. ಕಣ್ಣು ಮಾತ್ರ ಮಳವಳ್ಳಿಯ ದಿಕ್ಕಿನ ಹುಣಸೆಮರಗಳ ಮೇಲೆ ಹೊಗೆ ಎದ್ದಿತೇ ಎಂದು ಹುಡುಕುತ್ತಿತ್ತು. ಹೊಗೆ ಎದ್ದರೆ ಬಸ್ಸು ಬಂತೆಂದು ಅರ್ಥ. ಆ ಹೊಗೆ ಬಸ್ಸಿನ ಬೆನ್ನಿನಿಂದ ಎದ್ದರೆ ಸರಿ, ಹೊಟ್ಟೆಯ ಅಡಿಯಿಂದ ಎದ್ದರೆ ಗಂಡಾಂತರ. ಅಷ್ಟು ದೂರದಿಂದ ಎರಡನ್ನೂ ಬೇರ್ಪಡಿಸಿ ತಿಳಿಯುವ ಉಪಾಯವಿರಲಿಲ್ಲ. ಆದಕಾರಣ ಬಸ್ಸು ಪೂರ್ತಿಯಾಗಿ ಕಣ್ಣಿಗೆ ಬೀಳುವವರೆಗೆ ನಾನು ಜಗಲಿಯಿಂದ ರಸ್ತೆಗೂ ರಸ್ತೆಯಿಂದ ಜಗಲಿಗೂ ತಿರುಗುತ್ತಲೇ ಇರುತ್ತಿದ್ದೆ.

ಪೆಟ್ರೋಲು ಆಗ ದುರ್ಲಭವಾಗಿತ್ತು. ಮಳವಳ್ಳಿಯಿಂದ ಮದ್ದೂರಿಗೆ ಓಡಾಡುತ್ತಿದ್ದ ಬಸ್ಸಿನ ಹಿಂಬದಿಗೆ ಆಳೆತ್ತರದ ಕಬ್ಬಿಣದ ಕುಲುಮೆಯೊಂದನ್ನು ಬಿಗಿದಿದ್ದರು. ಮೇಲಿನಿಂದ ಇದ್ದಿಲು ಸುರಿದು, ಬೆಂಕಿ ಹೊತ್ತಿಸಿ, ಕೈಚಕ್ರ ತಿರುವಿ ಗಾಳಿ ಊದಿದರೆ, ಅರೆಬೆಂದ ಇದ್ದಿಲಿನ ಹೊಗೆ ಕೊಳವೆಯ ಮೂಲಕ ಎಂಜಿನ್ನಿಗೆ ಹೋಗಿ ಪೆಟ್ರೋಲಿನ ಕೆಲಸ ಮಾಡುತ್ತಿತ್ತು. ಕುಲುಮೆಯ ಬುಡದಲ್ಲಿ ಬೂದಿ ತೆಗೆಯುವ ಸಣ್ಣ ಬಾಗಿಲಿತ್ತು. ಅದರ ಚಿಲಕ ಸಡಿಲವಾದರೆ ದಾರಿಯುದ್ದಕ್ಕೂ ಕೆಂಡ ಉದುರುತ್ತಿತ್ತು. ನಮ್ಮ ಜನ ಅದಕ್ಕೆ ಒಲೆ ಮೋಟಾರು ಎಂದು ಹೆಸರಿಟ್ಟಿದ್ದರು.

ಆ ಒಲೆ ಮೋಟಾರಿನಲ್ಲಿ ನನ್ನ ತಂಗಿ ಮದ್ದೂರಿನ ಶಾಲೆಗೆ ಹೋಗಿಬರುತ್ತಿದ್ದಳು. ನಮ್ಮ ಹಳ್ಳಿಯಿಂದ ಹಾಗೆ ಹೊರಟ ಮೊದಲ ಹೆಣ್ಣುಮಗಳು ಅವಳು. ಮೈಸೂರಿನ ಕಾಲೇಜಿನ ಚರ್ಚಾಕೂಟಗಳಲ್ಲಿ ಸ್ತ್ರೀಶಿಕ್ಷಣದ ಪರವಾಗಿ ನಾನು ಎಷ್ಟೋ ಬಾರಿ ಮಾತನಾಡಿದ್ದೆ. ಪದವಿ ಮುಗಿಸಿ ಊರಿಗೆ ಹಿಂತಿರುಗಿ, ಕೂಲಿಯವರಿಗೆ ಅಕ್ಷರ ಕಲಿಸುತ್ತ, ಬಾವಿಕಟ್ಟೆಯ ಕೊಚ್ಚೆ ತೆಗೆಸುತ್ತ ಇದ್ದ ನನಗೆ, ಆಡಿದ ಮಾತು ಮನೆಯೊಳಗೇ ನಿಜವಾಗಬೇಕೆಂಬ ಹಂಬಲವಿತ್ತು. ಅಪ್ಪ ಒಪ್ಪಿದರು, ಆದರೆ ಒಂದು ಕಟ್ಟು ಹಾಕಿ ಒಪ್ಪಿದರು.

"ನೋಡ್ಲಾ, ನಿನ್ ಮಾತ್ಗೆ ಸೋತು ಕಳಿಸ್ತಾ ಇವ್ನಿ. ದಾರೀಲಿ ಒಂದಿನ ಏನಾರ ಆಯ್ತು ಅನ್ನು, ಅಲ್ಗೆ ನಿಂತೋಯ್ತು. ಆಮ್ಯಾಲೆ ನಿನ್ ಕಾಲೇಜ್ ಮಾತ ನನ್ತಾವ ತರಬ್ಯಾಡ."

ಅದು ಅವಳ ಕೊನೆಯ ವರ್ಷ. ಪರೀಕ್ಷೆ ಬೇಸಿಗೆಯ ಹೊಸ್ತಿಲಲ್ಲಿ ಮಂಡ್ಯದಲ್ಲಿ ನಡೆಯುವುದಿತ್ತು. ಹಾಜರಿ ಕಡಿಮೆಯಾದವರನ್ನು ಕೂರಿಸುವುದಿಲ್ಲವೆಂದು ಶಾಲೆಯವರು ಮೊದಲೇ ಹೇಳಿದ್ದರು. ಹೀಗಾಗಿ ಸಂಕ್ರಾಂತಿಯ ಆಚೀಚಿನ ಆ ದಿನಗಳಲ್ಲಿ ದಾರಿಯಲ್ಲಿ ಏನೂ ಆಗದಿರುವುದೇ ನಮ್ಮಿಬ್ಬರಿಗೂ ಬೇಕಾಗಿದ್ದುದು.

ಆದರೆ ಸಂಕ್ರಾಂತಿಯ ಆಚೀಚೆಯೇ ನಮ್ಮಲ್ಲಿ ಹುರುಳಿ ಮನೆಗೆ ಬರುವ ಕಾಲ. ನಾಲೆಯ ನೀರು ಹತ್ತದ ಹೊಲಗಳಲ್ಲೆಲ್ಲ ಹುರುಳಿ. ಹಿಂದೆ ಅದನ್ನು ಸಗಣಿ ಸಾರಿಸಿದ ಕಣದಲ್ಲಿ ಹರಡಿ ಎತ್ತುಗಳಿಂದ ತುಳಿಸುತ್ತಿದ್ದರು. ಬಸ್ಸು ಬಂದಮೇಲೆ ಯಾರಿಗೋ ಬುದ್ಧಿ ಹೊಳೆಯಿತು: ರಸ್ತೆಯ ಮೇಲೆ ಹರಡಿಬಿಟ್ಟರೆ ಬಸ್ಸಿನ ಚಕ್ರವೇ ತುಳಿಯುತ್ತದೆ, ಎತ್ತಿಗೂ ಆಳಿಗೂ ಬಿಡುವು. ಅಂದಿನಿಂದ ನಮ್ಮ ಊರಮುಂದಿನ ರಸ್ತೆ, ಸುಗ್ಗಿ ಮುಗಿಯುವವರೆಗೆ ಮೊಣಕಾಲೆತ್ತರದ ಒಣಬಳ್ಳಿಯ ಹಾಸಿಗೆಯಾಯಿತು. ಡ್ರೈವರಿಗೂ ಅದರಲ್ಲಿ ಪಾಲಿತ್ತು: ಸುಗ್ಗಿಯ ಕೊನೆಗೆ ಅವನಿಗೆ ಮೊರ ತುಂಬ ಹುರುಳಿ ಹೋಗುತ್ತಿತ್ತು. ಕೆಂಡ ಉದುರಿಸುವ ಕುಲುಮೆಯನ್ನು ಒಣಹುಲ್ಲಿನ ಮೇಲೆ ಕರೆದು ಓಡಿಸಿ, ಅದಕ್ಕೆ ಕಾಣಿಕೆಯನ್ನೂ ಕೊಡುವ ಊರು ಬೇರೆಲ್ಲಾದರೂ ಇತ್ತೋ ಇಲ್ಲವೋ, ನಾನರಿಯೆ.

ಬೆಂಕಿ ಬಿದ್ದದ್ದು ಒಂದು ಸಂಜೆ. ಮದ್ದೂರಿನಲ್ಲಿ ಕೆಲಸವಿದ್ದು ನಾನೂ ತಂಗಿಯ ಜೊತೆಗೆ ಬಸ್ಸಿನಲ್ಲಿದ್ದೆ. ಊರು ಸಮೀಪಿಸಿ ಚಕ್ರ ಹುರುಳಿಯ ಮೇಲೆ ಹತ್ತಿದಾಗ, ದಿನವಿಡೀ ಬಿಸಿಲಿಗೆ ಕಾದ ಕಾಯಿಗಳು ಚಟಚಟನೆ ಸಿಡಿದವು. ಆ ಸದ್ದಿನ ನಡುವೆ ಬೇರೊಂದು ಸದ್ದು ಸೇರಿತು. ಬಳ್ಳಿ ಅಚ್ಚಿಗೆ ಸುತ್ತಿಕೊಂಡು ಹಗ್ಗದಂತೆ ಹೊಸೆದುಹೋಗಿತ್ತು. ಹಲಗೆಗಳ ಸಂದಿನಿಂದ ಹೊಗೆ ಮೇಲೆದ್ದಿತು.

"ಯಾರ್ಲಾ ಅದು ಬೀಡಿ ಸೇದೋನು? ಊರೇ ಕಾಣ್ದಂಗೆ ಒಗೆ ಬುಡ್ತಾವ್ನೆ!" ಎಂದು ಯಾರೋ ನಗೆಯಾಡಿದರು.

"ಬೀಡಿಯಲ್ಲ ಕಣಣ್ಣೋ, ಅಡೀಲಿ ಉರೀತದೆ!" ಎಂದು ಹಿಂದಿನ ಬೆಂಚಿನ ಹೆಂಗಸು ಕಿರುಚಿದಳು.

ಡ್ರೈವರು ಗಾಬರಿಯಲ್ಲಿ ಬ್ರೇಕು ಒತ್ತಿದ. ಅದೇ ತಪ್ಪಾಯಿತು. ಬಸ್ಸು ಹುರುಳಿಯ ಹಾಸಿನ ನಟ್ಟನಡುವೆ ನಿಂತಿತು. ಚಲಿಸುತ್ತಿದ್ದಾಗ ಚದುರಿ ಬೀಳುತ್ತಿದ್ದ ಕೆಂಡ ಈಗ ಒಂದೇ ಕಡೆ ಸುರಿಯತೊಡಗಿತು. ಎಂಜಿನ್ನು ಹೊತ್ತಿಸಲು ಬೇಕಾದ ಪೆಟ್ರೋಲಿನ ಡಬ್ಬಿ ಕುಲುಮೆಗೆ ಒರಗಿದ ಸೀಟಿನ ಕೆಳಗೇ ಇತ್ತು. ಬಾಗಿಲಿಗೆ ಯಾರದೋ ಬೆಲ್ಲದ ಮೂಟೆ ಅಡ್ಡ. ನಾನು ತಂಗಿಯನ್ನು ಕಿಟಕಿಯಿಂದ ಇಳಿಸಿದೆ. ಅವಳ ಲಂಗದ ಅಂಚು ಕಮರಿತು.

ನಮ್ಮನ್ನು ಉಳಿಸಿದವರು ಹುರುಳಿಯ ಒಡತಿಯರು. ಬಸ್ಸನ್ನು ಉಳಿಸಬೇಕೆಂಬ ಯೋಚನೆ ಅವರಿಗೆ ಇದ್ದಂತೆ ಕಾಣಲಿಲ್ಲ. ದೊಡ್ಡಮನೆಯ ಅಜ್ಜಿ, ಗಂಡ ಸತ್ತಮೇಲೆ ತಾನೇ ನಿಂತು ಬೇಸಾಯ ಮಾಡಿಸುತ್ತಿದ್ದ ಗಟ್ಟಿಗಿತ್ತಿ, ಸೆರಗು ಸುತ್ತಿಕೊಂಡು ಓಡಿಬಂದು, "ಲೇ, ಮೋಟಾರು ಸುಟ್ಟೋದ್ರೆ ಓಗ್ಲಿ, ನನ್ನ ಉರ್ಳಿ ಎಳೀರ್ಲಾ!" ಎಂದು ಕೂಗಿದಳು. ಕವೆಗೋಲು ಹಿಡಿದವರು ಬಸ್ಸಿನ ಅಡಿಯಿಂದ ಬಳ್ಳಿಯನ್ನು ಎಳೆದೆಳೆದು ಹಾಕಿದರು. ಮೇವು ಸಿಕ್ಕದ ಬೆಂಕಿ ತಾನಾಗಿ ಕುಂದಿತು. ಉಳಿದದ್ದಕ್ಕೆ ಮಣ್ಣು ಸುರಿದರು.

ನಾವು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಅಪ್ಪ ಲಂಗದ ಅಂಚನ್ನು ನೋಡಿದರು, ನನ್ನನ್ನು ನೋಡಿದರು. "ರೋಡ್ ಮೇಲೆ ಉರ್ಳಿ ಇರೋಗಂಟ ಇವ್ಳು ಆ ಒಲೆ ಅತ್ತಕೂಡ್ದು," ಎಂದರು. ಮರುದಿನ ಬೆಳಿಗ್ಗೆ ತಂಗಿ ತಲೆ ಬಾಚಿ, ಚೀಲ ಹೆಗಲಿಗೇರಿಸಿ, ಹೊಸ್ತಿಲಲ್ಲಿ ಕುಳಿತಳು. ಬಸ್ಸು ಹೋಯಿತು. ಅವಳು ಚೀಲ ಇಳಿಸಲಿಲ್ಲ. ಅದರ ಮಾರನೆಯ ದಿನವೂ ಹಾಗೆಯೇ ಕುಳಿತಳು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೈಕಲ್ಲು ತುಳಿದು ಮದ್ದೂರಿಗೆ ಹೋಗಿ, ಬಸ್ಸು ನಿಲ್ಲುವ ಮರದಡಿ ಡ್ರೈವರನ್ನು ಹಿಡಿದೆ. ಅವನು ಕುಲುಮೆಗೆ ಇದ್ದಿಲು ತುಂಬುತ್ತ, ಬಾಯಲ್ಲಿ ಹೊತ್ತಿದ ಬೀಡಿ ಇಟ್ಟುಕೊಂಡೇ ಪೆಟ್ರೋಲಿನ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡುತ್ತಿದ್ದ.

"ಇದೇನು, ಆ ದಿನದ ಬೆಂಕಿ ಸಾಲದೆ?" ಎಂದೆ.

"ಆ ಬೆಂಕಿ ನಂದಲ್ಲ ಸೋಮಿ, ನಿಮ್ಮೂರ್ದು. ಉರ್ಳಿ ಆಸೋರು ನೀವು, ಬೈಸ್ಕೊಳೋನು ನಾನು."

"ನಿನಗೆ ಮೊರ ಹುರುಳಿ ಬರುವುದಿಲ್ಲವೆ?"

"ಬತ್ತದೆ," ಎಂದು ನಕ್ಕ. "ನನ್ನೆಂಡ್ತಿಗೆ ಉರ್ಳಿಸಾರು ಬುಟ್ರೆ ಬ್ಯಾರೆ ಸಾರೇ ಗೊತ್ತಿಲ್ಲ. ಏನ್ ಮಾಡ್ಲಿ?"

ಅವನು ಒಳ್ಳೆಯವನೇ, ಆದರೆ ಅಸಡ್ಡೆಯವನು. ಮೂರು ದಿನಕ್ಕೊಮ್ಮೆಯಾದರೂ ಹೊಗೆ ಕಂಡಿದ್ದವನಾದ್ದರಿಂದ ಹೊಗೆಗೆ ಅಂಜುವುದನ್ನೇ ಮರೆತಿದ್ದ. ವಾದಿಸಿ, ಗದರಿಸಿ, ಕೊನೆಗೆ ಬೇಡಿಕೊಂಡು, ಕೆಲವನ್ನು ಅವನಿಂದ ಮಾಡಿಸಿದೆ. ಡಬ್ಬಿ ಕುಲುಮೆಯಿಂದ ದೂರವಾಗಿ ಮುಂಭಾಗಕ್ಕೆ ಹೋಯಿತು. ಬಾಗಿಲ ಬಳಿ ಮರಳಿನ ಬಕೆಟ್ಟು ಬಂತು. ಬೂದಿಬಾಗಿಲಿನ ಚಿಲಕಕ್ಕೆ ಕಮ್ಮಾರನಿಂದ ಹೊಸ ಕೊಕ್ಕೆ ಹಾಕಿಸಿದೆವು. ಅಡಿಯಿಂದ ಹೊಗೆ ಬಂದರೆ ಹುಲ್ಲಿನ ಮೇಲೆ ನಿಲ್ಲಿಸದೆ, ಬರಿನೆಲಕ್ಕೆ ಸಾಗಿಸಿ, ಎಂಜಿನ್ನು ಆರಿಸಿ, ಗಾಳಿಗೆ ಎದುರಾದ ಬದಿಯಲ್ಲಿ ಜನರನ್ನು ಇಳಿಸಬೇಕೆಂದು ಅವನಿಗೂ ಕಂಡಕ್ಟರನಿಗೂ ಒಪ್ಪಿಸಿದೆ. ಹುರುಳಿಯ ಮಾತು ಬಂದಾಗ ಮಾತ್ರ ಡ್ರೈವರು ಕೈ ಚೆಲ್ಲಿದ: "ರೋಡು ಬುಟ್ಟು ಆರ್ಕೊಂಡ್ ಓಗಕೆ ಇದೇನು ಇಮಾನವಾ?"

ಹಾಗಾಗಿ ಊರ ಚಾವಡಿಗೆ ಬಂದೆ. ಹಿರಿಯರನ್ನೆಲ್ಲ ಕೂಡಿಸಿ, ಕಾಲೇಜಿನ ವೇದಿಕೆಯಲ್ಲಿ ಎಂದೂ ಮಾತಾಡದಷ್ಟು ಎಚ್ಚರಿಕೆಯಿಂದ ಮಾತಾಡಿದೆ. "ನಮ್ಮ ಕಣದ ನೇಮ ನಿಮಗೆ ಗೊತ್ತು. ಕಣದೊಳಗೆ ಜೋಡು ಮೆಟ್ಟಕೂಡದು, ಬೆಂಕಿ ತರಕೂಡದು, ಬೀಡಿಯನ್ನು ಸಹ ಹೊರಗೆ ಹೊಸಕಿ ಬರಬೇಕು. ಊರಮುಂದಿನದು ಕಣವಾದರೆ ಒಲೆ ಹೊತ್ತ ಬಸ್ಸು ಅಲ್ಲಿಗೆ ಬರಬಾರದು. ಅದು ರಸ್ತೆಯಾದರೆ ಅಲ್ಲಿ ಹುರುಳಿ ಇರಬಾರದು. ಎರಡರಲ್ಲಿ ಒಂದನ್ನು ಆರಿಸಿ." ಬಸ್ಸು ಬೇಡವೆಂದು ಯಾರೂ ಹೇಳಲಾರರು, ಆದ್ದರಿಂದ ಹುರುಳಿ ಹಿಂದೆ ಸರಿಯಲೇಬೇಕೆಂದು ನನ್ನ ನಂಬಿಕೆ.

ಹಿರಿಯರೊಬ್ಬರು ಎಲೆಅಡಿಕೆ ಉಗಿದು, "ಎಲ್ಡೂ ಆಗ್ಲಿ ಬುಡಪ್ಪ. ಮನೆ ಪಡಸಾಲೇಲಿ ಉಣ್ತೀವಿ, ಅಲ್ಲೇ ಮಲೀಕತೀವಿ. ಪಡಸಾಲೆ ಏನಾರ ಬ್ಯಾಡ ಅಂದದಾ?" ಎಂದರು. ಚಾವಡಿ ನಕ್ಕಿತು.

ಕಂಬದ ಮರೆಯಿಂದ ದೊಡ್ಡಮನೆಯ ಅಜ್ಜಿ ಎದ್ದಳು. ಅವಳ ಹುರುಳಿಯೇ ಹೆಚ್ಚು ಸುಟ್ಟಿದ್ದುದು. "ನಗಬ್ಯಾಡ್ರಿ. ಈ ಉಡ್ಗ ಏಳ್ತಿರೋದು ದಿಟ. ಕಣ ಅಂದ್ಮ್ಯಾಲೆ ಕಣ. ಒಲೆ ಒತ್ಕೊಂಡು ಯಾವನ್ ಬತ್ತಾನೋ ನಾಳಿಕ್ಕೆ ನೋಡ್ತೀನಿ," ಎಂದಳು. ನಾಲ್ಕಾರು ತಲೆಗಳು ತೂಗಿದವು. ನಾನು ಗೆದ್ದೆನೆಂದು ಮನೆಗೆ ಬಂದೆ. ಅವರು ಆರಿಸಿಕೊಂಡದ್ದು ಏನೆಂದು ಮಾರನೆಯ ಬೆಳಿಗ್ಗೆ ತಿಳಿಯಿತು.

ಊರ ಹೊರಗೆ ರಸ್ತೆಗೆ ಅಡ್ಡವಾಗಿ ಬೇವಿನೆಲೆ ಕಟ್ಟಿದ ಹಗ್ಗ. ಹಗ್ಗದ ಪಕ್ಕ ಕೋಲೂರಿ ಅಜ್ಜಿ. ಬಸ್ಸು ನಿಂತಿತು.

"ಅಜ್ಜಿ, ದಾರಿ ಬುಡು. ಮದ್ದೂರಲ್ಲಿ ರೈಲು ತಪ್ತದೆ," ಎಂದ ಡ್ರೈವರು.

"ಒಲೆ ಒತ್ಕೊಂಡು ಕಣಕ್ಕೆ ಬತ್ತೀಯೇನ್ಲಾ? ನಿಮ್ಮವ್ವ ಏಳ್ಕೊಟ್ಟಿಲ್ವಾ?"

"ಒಲೆ ಆರ್ಸಿದ್ರೆ ಮೋಟಾರು ಓಡಕಿಲ್ಲ ಕಣಜ್ಜಿ."

"ಓಡಬ್ಯಾಡ, ನಡೀಲಿ. ಇಳೀರ್ಲಾ ಎಲ್ರೂವೆ! ಜೋಡು ಬುಡಿ, ತಳ್ಳಿ!"

ಡ್ರೈವರು ಗೊಣಗುತ್ತ ಕುಲುಮೆಯ ಗಾಳಿಬಾಗಿಲು, ಬೂದಿಬಾಗಿಲು ಎರಡನ್ನೂ ಮುಚ್ಚಿ ಬಿಗಿದ. ಅಡಿಗೆ ಒದ್ದೆ ಗೋಣಿ ಕಟ್ಟಿಸಿದಳು ಅಜ್ಜಿ. ಕೋಟು ತೊಟ್ಟ ಗುಮಾಸ್ತರೊಬ್ಬರು ಜೋಡನ್ನು ಕಂಕುಳಲ್ಲಿ ಅವುಚಿಕೊಂಡು, ಬರಿಗಾಲಲ್ಲಿ ಹುರುಳಿ ತುಳಿಯುತ್ತ, ಹೆಗಲು ಕೊಟ್ಟರು. "ತಳ್ಳಿ ಸೋಮಿ, ನಿಮ್ಗೂ ಒಂದ್ ಮೊರ ಉಂಟು!" ಎಂದು ಊರವರು ಹುರಿದುಂಬಿಸಿದರು. ಒಲೆ ಆರಿದ ಬಸ್ಸು ಊರಿಗೂರೇ ಎಳೆಯುವ ತೇರಿನಂತೆ ಹುರುಳಿಯ ಮೇಲೆ ಸಾಗಿತು.

ಅಪ್ಪ ಇದನ್ನು ಜಗಲಿಯಿಂದ ನೋಡಿದರು. ಬೆಂಕಿಯಿಲ್ಲದ ಬಸ್ಸಿಗೆ ಅಂಜುವುದೇನೆಂದು ತೋರಿತೋ ಏನೋ, "ಓಗವ್ವ," ಎಂದರು. ತಂಗಿ ಹಾರಿ ಹತ್ತಿದಳು. ನನಗೆ ಆ ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ ಊರ ಆ ತುದಿಯಲ್ಲಿ ಕಂಡಕ್ಟರು ಕೈಚಕ್ರ ತಿರುವತೊಡಗಿದ. ತಿರುವಿದ, ಬೆವರಿದ, ಬೈದ, ಮತ್ತೆ ತಿರುವಿದ. ಆರಿದ ಕುಲುಮೆ ಸುಲಭವಾಗಿ ಹೊತ್ತಲಿಲ್ಲ. ಬಿಸಿಲು ಏರುತ್ತಿತ್ತು. ನಾನು ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದೆ.

ಸಂಜೆ ತಂಗಿ ಬಂದು ಚೀಲವನ್ನು ಮೂಲೆಗೆ ಎಸೆದಳು.

"ಬೆಂಕಿ ಬೀಳಲಿಲ್ಲವಲ್ಲ," ಎಂದೆ.

"ಬೀಳ್ನಿಲ್ಲ. ನಾನು ಇಸ್ಕೂಲ್ ಮುಟ್ಟೋಷ್ಟ್ರಲ್ಲಿ ಆಜ್ರಿ ಕೂಗಿ ಮುಗ್ದಿತ್ತು. ಬಾಗ್ಲಲ್ಲೇ ನಿಲ್ಸಿದ್ರು." ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ. "ಅಣ್ಣ, ಒಲೆ ಉರುದ್ರೂ ಇಸ್ಕೂಲಿಲ್ಲ, ಒಲೆ ಆರುದ್ರೂ ಇಸ್ಕೂಲಿಲ್ಲ. ನೀನ್ ಚಾವಡೀಲಿ ಏಳ್ದ ವಾದ ನಂಗೂ ಬತ್ತದೆ ನೋಡು."

ಬಸ್ಸಿನ ಮಾಲೀಕರು ಆ ದಾರಿಯನ್ನೇ ಬಿಡುವುದಾಗಿ ಹೇಳುತ್ತಿದ್ದಾರೆಂದು ಕಂಡಕ್ಟರು ಬೆದರಿಸಿ ಹೋಗಿದ್ದ.

ಮರುದಿನ ಬೆಳಿಗ್ಗೆ ಹಗ್ಗದ ಬಳಿ ಬಸ್ಸು ನಿಂತಾಗ ತಂಗಿ ಬಸ್ಸು ಹತ್ತದೆ ನೇರವಾಗಿ ಅಜ್ಜಿಯ ಮುಂದೆ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ. ಹಿರಿಯರೂ ಇದ್ದರು, ಅಪ್ಪನೂ ಇದ್ದರು.

"ಅಜ್ಜಿ, ಬೆಳಿಗ್ಗೆ ನಂಗೆ ಒತ್ತಾಯ್ತದೆ, ರೈಲಿಗೆ ಓಗೋರ್ಗೂ ಒತ್ತಾಯ್ತದೆ. ಸಂಜೆ ಯಾರ್ಗೂ ಒತ್ತಾಗಕಿಲ್ಲ. ಸಂಜೆ ಬಸ್ಸ ಎಷ್ಟ್ ಬೇಕಾರ ತಳ್ಸು, ನಾನೂ ತಳ್ತೀನಿ. ಬೆಳಿಗ್ಗೆ ಮಾತ್ರ ಉರ್ಳಿ ಬದೀಗ್ ಸರ್ಸು."

ಅಜ್ಜಿ ಬಗ್ಗಿ ಒಂದು ಹಿಡಿ ಬಳ್ಳಿ ಎತ್ತಿ ಹಿಂಡಿದಳು. ಇಬ್ಬನಿಗೆ ನೆನೆದ ಕಾಯಿ ಬಾಯಿ ಬಿಡಲಿಲ್ಲ. "ದಿಟವೇ ಕಣವ್ವ. ಬೆಳಿಗ್ಗೆ ತುಳುದ್ರೆ ಒಂದ್ ಕಾಳೂ ಉದ್ರಕಿಲ್ಲ. ಬಿಸ್ಲು ಕುಡುದ್ಮ್ಯಾಲೇ ಇದು ಮಾತ್ ಕೇಳೋದು." ಹಾಗೆಂದು ನನ್ನ ಕಡೆ ಕೋಲು ತೋರಿಸಿದಳು. "ಇದ್ನ ನಿಮ್ಮಣ್ಣ ಯಾಕ್ ಏಳ್ನಿಲ್ಲ? ಅಷ್ಟೊತ್ತು ಮಾತಾಡ್ದ!"

ಊರೆಲ್ಲ ನಕ್ಕಿತು. ನಾನೂ ನಕ್ಕೆ. ಕವೆಗೋಲುಗಳು ಬಂದವು; ಹುರುಳಿ ಬದಿಗೆ ಸರಿಯಿತು; ಬಸ್ಸು ತನ್ನ ಒಲೆ ಹೊತ್ತು ಬರಿನೆಲದ ಮೇಲೆ ಓಡಿಹೋಯಿತು. ಅಂದಿನಿಂದ ನಮ್ಮ ಊರಮುಂದಿನದು ಬೆಳಿಗ್ಗೆ ರಸ್ತೆ, ಸಂಜೆ ಕಣ. ಸಂಜೆಯ ಬಸ್ಸು ಊರ ಹೊರಗೆ, ಮದ್ದೂರಿನ ಬದಿಗೆ ಸರಿಸಿ ಕಟ್ಟಿದ ಹಗ್ಗದ ಬಳಿ ನಿಂತು, ಒಲೆ ಮುಚ್ಚಿ, ಜನರ ಹೆಗಲ ಮೇಲೆ ಊರು ದಾಟುತ್ತಿತ್ತು. ಮಳವಳ್ಳಿಯ ಪ್ರಯಾಣಿಕರು ಬೈಯುತ್ತ ತಳ್ಳುತ್ತಿದ್ದರು, ಮಡಿಲಿಗೆ ಬಿದ್ದ ಹುರುಳಿ ಕಟ್ಟಿಕೊಂಡು ಬೈಯದೆ ಹೋಗುತ್ತಿದ್ದರು. ನಾನು ಕಲಿಸಿಕೊಟ್ಟ ಗ್ರಾಂಥಿಕ ಎಚ್ಚರಿಕೆಯನ್ನು ಕಂಡಕ್ಟರು ತನ್ನ ಮಾತಿಗೆ ತಿರುಗಿಸಿಕೊಂಡು ಪ್ರತಿ ಊರಲ್ಲೂ ಕೂಗುತ್ತಿದ್ದ: "ಬೀಡಿ ಆರ್ಸಿ! ಗಂಟು ಬಾಗ್ಲಿಂದ ತೆಗೀರಿ! ಒಗೆ ಕಂಡ್ರೆ ಕೂಗಿ, ಒಬ್ರ ಮೇಲೊಬ್ರು ಬೀಳಬ್ಯಾಡಿ!"

ಆದರೂ ನನಗೆ ನೆಮ್ಮದಿ ಬರಲಿಲ್ಲ. ಸಂಜೆ ಬಳ್ಳಿಯ ಮೇಲೆ ತಳ್ಳಿಸಿಕೊಂಡ ಬಸ್ಸು ಅದೇ ಬಳ್ಳಿಯ ಎಳೆಗಳನ್ನು ಅಚ್ಚಿನಲ್ಲಿ ಹೊತ್ತು ಮಳವಳ್ಳಿಗೆ ಹೋಗುತ್ತದೆ. ಬೆಳಿಗ್ಗೆ ಕುಲುಮೆ ಕಾದಾಗ ಅವೇ ಎಳೆಗಳು ಬತ್ತಿಯಾಗುತ್ತವೆ. ಇದನ್ನು ಡ್ರೈವರಿಗೆ ಹೇಳಿದ್ದೆ. ಹೊರಡುವ ಮೊದಲು ಕೊಕ್ಕೆಯಿಂದ ಅಡಿಯನ್ನು ಕೆದಕುವುದಾಗಿ ಅವನು ಮಾತು ಕೊಟ್ಟಿದ್ದ. ಮಾತು ಕೊಡುವುದು ಅವನಿಗೆ ಕಷ್ಟವಿರಲಿಲ್ಲ.

ಒಂದು ಬೆಳಿಗ್ಗೆ ತಂಗಿ ಹೋದ ಸ್ವಲ್ಪ ಹೊತ್ತಿಗೆ, ಮದ್ದೂರಿನ ಕಡೆಯಿಂದ ಸೈಕಲ್ಲಿನಲ್ಲಿ ಬಂದವನೊಬ್ಬ ಇಳಿಯದೆಯೇ ಕೂಗಿ ಹೋದ: "ವೈದ್ಯನಾಥಪುರದ ತಿರುವಲ್ಲಿ ಒಲೆ ಮೋಟಾರ್ಗೆ ಬೆಂಕಿ ಬಿತ್ತಂತೆ!"

ನಾನು ಸೈಕಲ್ಲು ಹತ್ತಿದೆ. ತಿರುವಿನಲ್ಲಿ ಬಸ್ಸಿರಲಿಲ್ಲ. ಬರಿನೆಲದ ಮೇಲೆ ಮರಳು, ಒಂದು ಮುಷ್ಟಿ ಕರಿ ಬಳ್ಳಿ, ಅಷ್ಟೆ. ಮದ್ದೂರಿಗೆ ಹೋದೆ. ಬಸ್ಸು ಮರದಡಿ ನಿಂತಿತ್ತು, ಡ್ರೈವರು ಕಾಣಲಿಲ್ಲ. ಶಾಲೆಯ ಬಾಗಿಲಿಗೆ ಹೋದಾಗ ಒಳಗಿನಿಂದ ಹುಡುಗಿಯರು ಪದ್ಯ ಒಪ್ಪಿಸುವ ದನಿ ಕೇಳಿತು. ಅದರಲ್ಲಿ ಒಂದು ನಮ್ಮ ಮನೆಯ ದನಿ. ಹಿಂತಿರುಗಿ ಅಪ್ಪನಿಗೆ ಹೇಳಿದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವರೂ ಜಗಲಿಯಿಂದ ರಸ್ತೆಗೆ, ರಸ್ತೆಯಿಂದ ಜಗಲಿಗೆ ತಿರುಗುತ್ತಿದ್ದರು. ತಂದೆಮಕ್ಕಳು ಎದುರುಬದುರಾಗಿ ನಡೆದು ದಾಟುತ್ತಿದ್ದೆವು. ಅವರ ಕಟ್ಟು ನನಗೆ ನೆನಪಿತ್ತು: ಒಂದು ದಿನ ಏನಾದರೂ ಆದರೆ ಅಲ್ಲಿಗೆ ನಿಂತಿತು.

ಸಂಜೆಯ ಬಸ್ಸು ಹಗ್ಗದ ಬಳಿ ನಿಂತು, ಒಲೆ ಮುಚ್ಚಿಕೊಂಡು, ತಳ್ಳಿಸಿಕೊಳ್ಳುತ್ತ ಬಂತು. ತಳ್ಳುವವರ ನಡುವೆ ಬರಿಗಾಲಿನ ತಂಗಿ ಇದ್ದಳು. ಅಪ್ಪ ಅವಳನ್ನು ಅಲ್ಲಿಯೇ ನಿಲ್ಲಿಸಿದರು.

"ಬೆಳಿಗ್ಗೆ ಏನಾಯ್ತವ್ವ?"

ಅವಳು ಮುಚ್ಚಿಡಲಿಲ್ಲ. "ಅಡೀಲಿ ಒಗೆ ಬಂತು. ನಾನೇ ಕೂಗ್ದೆ. ಬರಿನೆಲಕ್ಕೆ ತಂದು ನಿಲ್ಸಿದ್ರು. ಗಾಳಿ ಬತ್ತಿದ್ದ ಕಡೆ ಇಳುದ್ವಿ. ಕಂಡಕ್ಟ್ರು ಬಳ್ಳಿ ಎಳ್ದು ಮರಳಾಕಿದ್ರು. ಮತ್ತೆ ಬಸ್ಸ ಅತ್ಕೊಂಡ್ ಓದ್ವಿ. ಆಜ್ರಿ ಸಿಕ್ತು."

ಅಪ್ಪ ಬಹಳ ಹೊತ್ತು ಅವಳ ಲಂಗದ ಅಂಚನ್ನು ನೋಡಿದರು. ಅದರಲ್ಲಿ ಹಳೆಯ ಕಮರು ಮಾತ್ರ ಇತ್ತು. ನಾನು ವಾದಕ್ಕೆ ಸಿದ್ಧನಾಗಿ ಬಾಯಿ ತೆರೆದೆ. ಅವರು ನನ್ನತ್ತ ತಿರುಗದೆ, "ಬೆಳಿಗ್ಗೆ ಕೊಕ್ಕೆ ಆಕಿ ಅಡಿ ಕೆದಕಿರ್ನಿಲ್ವಾ ಆ ಡ್ರೈವರು?" ಎಂದು ಅವಳನ್ನೇ ಕೇಳಿದರು.

"ಇಲ್ಲ ಅಂತ ಕಾಣ್ತದೆ ಕಣಪ್ಪ."

"ಊಂ. ಉಣ್ಣೋಗು," ಎಂದರು, ಅಷ್ಟೆ.

ಮರುದಿನ ನಸುಕಿನಲ್ಲೇ ರಸ್ತೆಯಲ್ಲಿ ಪೊರಕೆಯ ಸದ್ದು ಕೇಳಿ ಎದ್ದು ಬಂದೆ. ಅಪ್ಪ ಪಂಚೆ ಎತ್ತಿಕಟ್ಟಿ, ಉದ್ದನೆಯ ಪೊರಕೆ ಹಿಡಿದು, ಹುರುಳಿಯ ಎಳೆಗಳನ್ನು ಒಂದೂ ಉಳಿಯದಂತೆ ರಸ್ತೆಯಿಂದ ಗುಡಿಸುತ್ತಿದ್ದರು. ಹೊಲಕ್ಕೆ ಹೊರಟ ನೆರೆಯವನೊಬ್ಬ ಎತ್ತು ನಿಲ್ಲಿಸಿ ಹಲ್ಲು ಕಿರಿದ.

"ಏನಣ್ಣೋ, ಈ ವಯಸ್ಸಲ್ಲಿ ಬೀದಿ ಗುಡ್ಸಕೆ ನಿಂತ್ಬುಟ್ಟೆ?"

"ಬೀದಿ ಯಾವನ್ಲಾ ಗುಡ್ಸೋನು? ಕಣ ಗುಡ್ಸೋದು ಗಂಡಸ್ರ ಕೆಲ್ಸ. ಮುಚ್ಕೊಂಡ್ ಓಗು," ಎಂದರು ಅಪ್ಪ.

ಹುಣಸೆಮರಗಳ ಮೇಲೆ ಹೊಗೆ ಎದ್ದಿತು. ತಂಗಿ ಚೀಲ ಹೆಗಲಿಗೇರಿಸಿ ಬಂದಳು. ಬಸ್ಸು ನಿಂತಾಗ ಅಪ್ಪ ಪೊರಕೆಯನ್ನು ಹೆಗಲಿಗೆ ಒರಗಿಸಿಕೊಂಡು, ಮಂಡಿಯೂರಿ, ಅಚ್ಚಿನ ಅಡಿಯನ್ನು ಈ ಬದಿಯಿಂದ ನೋಡಿದರು, ಆ ಬದಿಗೆ ಹೋಗಿ ಮತ್ತೆ ನೋಡಿದರು. ಡ್ರೈವರು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿ ನಿಂತಿದ್ದ. ಅಪ್ಪ ಎದ್ದು, ಅವನ ಕೈಯನ್ನು ಮುಂದಕ್ಕೆ ಎಳೆದು, ಬೀಡಿ ಕಿತ್ತು ಮಣ್ಣಿನಲ್ಲಿ ಹೊಸಕಿದರು.

"ಈಗ ಓಗು," ಎಂದರು.